ದಾಮುವಿಗಾಗಿಯೇ ಬರೆದ ಹೊಳೆ

ದಾಮು, ಆ ಭಾನುವಾರ ಆಟದೊಳಗೆ ನಮ್ಮ ಶರಾವತಿಯನ್ನು ತಂದದ್ದು ನಿನ್ನನ್ನು ಎಲ್ಲರೆದುರು ಹೆದರಿಸಬೇಕೆಂದೇ. ಆರು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ.

ಹೊನ್ನಾವರದ ನನ್ನ ಟೈಲರಿಂಗ್ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಸುತ್ತ, ಪ್ರತಿ ಭಾನುವಾರ ಕಥೆ ಕಟ್ಟಿ ಆಡುವ ಆಟಕ್ಕೆ ನಾವು ನಾಲ್ವರು ಕೂರುತ್ತಿದ್ದೆವು. ಕಥೆ ನಡೆಸುವವಳು ನಾನು. ಪಾತ್ರಗಳಾಗಿ ಆಡುವವರು ನೀನು, ಭಟ್ಕಳದ ಫರೀದಾ, ನಿಮ್ಮೂರು ಮಂಕಿಯವನೇ ಆದ ಗಣಪತಿ. ನಮ್ಮ ನಿಯಮಗಳು ಯಾವ ಒಂದು ಕಥೆಗೂ ಅಂಟಿಕೊಂಡವಲ್ಲ. ಶಕ್ತಿಗೆ, ಬುದ್ಧಿಗೆ, ಧೈರ್ಯಕ್ಕೆ ಇಷ್ಟಿಷ್ಟು ಅಂಕ, ಪಾತ್ರ ಗೆದ್ದಿತೋ ಸೋತಿತೋ ಹೇಳಲು ಮೂರು ದಾಳ — ಅಷ್ಟೆ. ಅದರ ಮೇಲೆ ರಾಜರ ಕಾಲವನ್ನಾದರೂ ಹಾಕಬಹುದು, ಚಂದ್ರನ ಮೇಲಿನ ಊರನ್ನಾದರೂ ಹಾಕಬಹುದು. ಅಳತೆಯ ಟೇಪು ಒಂದೇ, ಹೊಲಿಯುವ ಬಟ್ಟೆ ಬೇರೆ.

ಪಾತ್ರಕ್ಕೊಂದು ದೌರ್ಬಲ್ಯ ಬರೆದುಕೊಂಡರೆ ಉಳಿದದ್ದಕ್ಕೆ ಹೆಚ್ಚು ಅಂಕ ಸಿಗುತ್ತಿತ್ತು. ನೀನು ಪ್ರತಿ ಸಲ ಬರೆಯುತ್ತಿದ್ದುದು ಒಂದೇ — ಆಳಕ್ಕೆ ಹೆದರುವವನು. ನಿನ್ನ ಸೈನಿಕ ಕೋಟೆಯ ಬಾವಿಗೆ ಇಣುಕುತ್ತಿರಲಿಲ್ಲ. ನಿನ್ನ ಚಂದ್ರನೂರಿನ ಮೆಕ್ಯಾನಿಕ್ ಹೊರಗಿನ ಆಳದ ಕುಳಿಗಳಿಗೆ ಹೆದರಿ ಬಾಗಿಲು ದಾಟುತ್ತಿರಲಿಲ್ಲ. ನಾವು ನಗುತ್ತಿದ್ದೆವು, ನೀನೂ ನಗುತ್ತಿದ್ದೆ.

ಒಂದು ದಿನ ಉಳಿದಿಬ್ಬರು ಹೋದಮೇಲೆ ನೀನು ನನಗೊಬ್ಬಳಿಗೇ ಹೇಳಿದೆ: “ಅಕ್ಕ, ಅದು ನಂದೇ ಹೆದ್ರಿಕೆ. ದೋಣಿ ಹತ್ತೂಕೇ ಆಗೂದಿಲ್ಲ.” ಮನೆಯಲ್ಲಿ ಬೆನ್ನುನೋವೆಂದು ನಂಬಿಸಿ, ನೀನು ಅಪ್ಪನ ಮೀನುಗಾರಿಕೆಯ ದೋಣಿ ಬಿಟ್ಟು ಚಪ್ಪಲಿ ಅಂಗಡಿಯ ಕೆಲಸಕ್ಕೆ ಸೇರಿದ್ದೆ.

ಆಮೇಲೆ ನನಗೆ ತಿಳಿಯಿತು — ನೀನು ಆಟದೊಳಗೆ ಅಡಗಿರಲಿಲ್ಲ, ಹೆದರಿಕೆ ದಾಟುವ ಅಭ್ಯಾಸ ಮಾಡುತ್ತಿದ್ದೆ. ಕಥೆಯ ಲೋಕ ಬದಲಾದಂತೆ ಅದೇ ಹೆದರಿಕೆಯನ್ನು ಬೇರೆ ಬೇರೆ ಕಡೆಯಿಂದ ಮುಟ್ಟಿ ನೋಡುತ್ತಿದ್ದೆ. ಚಂದ್ರನ ಕಥೆಯ ಕೊನೆಯ ವಾರ ನಿನ್ನ ಮೆಕ್ಯಾನಿಕ್ ಬಾಗಿಲಾಚೆ ಒಂದು ಹೆಜ್ಜೆ ಇಟ್ಟ. ಫರೀದಾ ಚಪ್ಪಾಳೆ ತಟ್ಟಿ, “ಮುಂದಿನ ಕಥೆ ದಾಮುವೇ ನಡೆಸಲಿ” ಎಂದಳು. ನನಗೆ ಹೊಟ್ಟೆ ಉರಿಯಿತು — ಅದಕ್ಕೆ ಇನ್ನೊಂದು ಚೆಂದದ ಹೆಸರಿಲ್ಲ.

ಹಾಗಾಗಿ ಮುಂದಿನ ಲೋಕ ನಮ್ಮದೇ ಹೊಳೆಯಾಯಿತು. ದೋಣಿ ಮಗುಚಿದೆ, ನೀರಿಗಿಳಿದು ಮುಳುಗುತ್ತಿರುವವರನ್ನು ಎತ್ತಬಲ್ಲದ್ದು ನಿನ್ನ ಪಾತ್ರವೊಂದೇ. ನೀನು ದಾಳಗಳನ್ನು ಎಸೆಯದೆ ಮೇಜಿನ ಮೇಲಿಟ್ಟೆ. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸದೆ ಎಲ್ಲರೆದುರು ಕೇಳಿದೆ:

“ಎಂತ ದಾಮು, ಇದು ಪಾತ್ರದ ಹೆದ್ರಿಕೆ ಅಲ್ಲ ಅಲ್ದಾ? ಬೆನ್ನುನೋವು ಅಂತ ಹೇಳ್ಕಂಡು ದೋಣಿ ಬಿಟ್ಟವ ನೀನೇ ಅಲ್ದಾ?”

ಗಣಪತಿಯ ಬಾಯಲ್ಲಿ ಮಾತು ನಿಲ್ಲುವುದಿಲ್ಲವೆಂದು ನನಗೆ ಗೊತ್ತಿತ್ತು. ವಾರದೊಳಗೆ ಮಂಕಿಗೆಲ್ಲ ಗೊತ್ತಾಯಿತು. ನಿನ್ನ ಅಪ್ಪ ನಿನ್ನೊಡನೆ ಮಾತು ಬಿಟ್ಟರು. ನೀನು ಮತ್ತೆ ಆಟಕ್ಕೆ ಬರಲಿಲ್ಲ.

ತಿಂಗಳ ನಂತರ ಮೀನುಪೇಟೆಯಲ್ಲಿ ಸಿಕ್ಕಾಗ, “ಬಾಯಿ ತಪ್ಪಿ ಬಂತು ಮಾರಾಯಾ” ಎಂದೆ ನಾನು. “ಆತು ಅಕ್ಕ, ಬಿಡು” ಎಂದು ನೀನು ಚೀಲವನ್ನು ಎಡಗೈಗೆ ಬದಲಿಸಿ, ನನ್ನ ಕೈ ಹಿಡಿದೆ.

ಬಾಯಿ ತಪ್ಪಿರಲಿಲ್ಲ, ದಾಮು. ಆ ಮಾತನ್ನು ಹಿಂದಿನ ದಿನ ಶನಿವಾರವೇ ಕಥೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಒಂದು ಶಬ್ದ ಹೊಡೆದುಹಾಕಿ ಇನ್ನೊಂದು ಸೇರಿಸಿ, ಇನ್ನಷ್ಟು ಚುಚ್ಚುವಂತೆ ಮಾಡಿದ್ದೆ.

ನೀನು ಅಂದು ಕ್ಷಮಿಸಿದ್ದು ನಾನು ಮಾಡದ ತಪ್ಪನ್ನು. ಮಾಡಿದ್ದು ಇದು. ಆ ಕ್ಷಮೆಯನ್ನು ಹಿಂದಕ್ಕೆ ತೆಗೆದುಕೋ.