ಮುಚ್ಚಳದ ಸದ್ದು

ಜಾಮ್ ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಬಿಸಿ ಜಾಮ್ ತುಂಬಿ ಮುಚ್ಚಳ ಬಿಗಿದ ಬಾಟಲಿ ತಣ್ಣಗಾಗುತ್ತಾ ಬಂದಂತೆ ಮುಚ್ಚಳದ ನಡುಭಾಗ ಒಳಕ್ಕೆ ಎಳೆದುಕೊಂಡು ಕೂರುತ್ತದೆ. ಉಕ್ಕಿನ ಕಡ್ಡಿಯಿಂದ ತಟ್ಟಿದರೆ ‘ಟಿಣ್’ ಎನ್ನಬೇಕು. ಗಾಳಿ ನುಸುಳಿದ್ದರೆ ‘ದೊಪ್’. ಇಪ್ಪತ್ತೆರಡು ವರ್ಷದಿಂದ ಆಕೆಯ ಕೆಲಸ ಇಷ್ಟೇ: ತಟ್ಟುವುದು, ಕೇಳುವುದು, ‘ದೊಪ್’ ಎಂದದ್ದನ್ನು ಪಕ್ಕಕ್ಕಿಡುವುದು.

ಒಂದು ದಿನ ಇಡೀ ಟ್ರೇಯನ್ನೇ ಪಕ್ಕಕ್ಕಿಟ್ಟಳು. ಮೇಸ್ತ್ರಿ ಒಂದು ಬಾಟಲಿ ತೆಗೆದುಕೊಂಡು ಮುಚ್ಚಳ ತಿರುಗಿಸಲು ಹೆಣಗಾಡಿದ.

“ಏನಕ್ಕಾ ಇದು? ಕಲ್ಲು ಕೂತಂಗೆ ಕೂತಿದೆ. ಇದನ್ಯಾಕೆ ಫೇಲ್ ಮಾಡ್ದೆ?”

“ಪಕ್ಕದ ಮಷೀನಿನ ಗಲಾಟೆ ಕಣಪ್ಪ, ಸರಿಯಾಗಿ ಕೇಳಿಸ್ಲಿಲ್ಲ” ಎಂದಳು. ಆ ಮಷೀನು ಬೆಳಗಿನಿಂದ ಕೆಟ್ಟು ನಿಂತಿತ್ತು.

ಮರುದಿನದಿಂದ ಹೆದರಿಕೆ ಹಿಡಿಯಿತು. ಅನುಮಾನ ಬಂದದ್ದನ್ನೆಲ್ಲ ಪಾಸು ಮಾಡಿದಳು. ತಿಂಗಳೊಳಗೆ ಮೂರು ಪೆಟ್ಟಿಗೆ ಬೂಷ್ಟು ಹಿಡಿದು ವಾಪಸ್ಸು ಬಂದವು. ಮೇಸ್ತ್ರಿ ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಗಂಡ ಡಾಕ್ಟರ ಬಳಿ ಕರೆದೊಯ್ದ. “ಟಿಣ್ ಅನ್ನೋಂಥ ಸಣ್ಣ ಸದ್ದು ಇವರಿಗೆ ಕೇಳಿಸ್ತಿಲ್ಲ. ಇನ್ನು ಅದು ವಾಪಸ್ ಬರಲ್ಲ” ಎಂದರು ಡಾಕ್ಟರು. ಕಿವಿಗೆ ಹಾಕಿಕೊಳ್ಳಲು ಮಷೀನು ಕೊಟ್ಟರು. ಅದರಿಂದ ಗಂಡನ ಗೊರಕೆ ಸೊಗಸಾಗಿ ಕೇಳಿಸಿತು. ಮುಚ್ಚಳಗಳು ಮಾತ್ರ ಎಲ್ಲವೂ ಒಂದೇ ದನಿಯಲ್ಲಿ ಕಿರುಚಿದವು. ಬೆರಳಿಂದ ಒಂದೊಂದನ್ನೇ ಒತ್ತಿ ನೋಡಿದಳು. ಹತ್ತು ನೋಡುವಷ್ಟರಲ್ಲಿ ಐವತ್ತು ಬೆಲ್ಟಿನ ಮೇಲೆ ಮುಂದೆ ಸಾಗಿಹೋದವು.

ಕೊನೆಗೆ ಆ ಜಾಗಕ್ಕೆ ಅದೇ ಕಾರ್ಖಾನೆಯಲ್ಲಿದ್ದ ನಾದಿನಿಯನ್ನು ಹಾಕಿದರು. ಒಂದು ವಾರ ಜೊತೆಗಿದ್ದು ಕಲಿಸು ಎಂದರು.

“ಹೆಂಗೆ ಗೊತ್ತಾಗತ್ತೆ ಅತ್ತಿಗೆ?”

ಕಿವಿಯಕ್ಕ ಯೋಚಿಸಿದಳು. ಇಷ್ಟು ವರ್ಷ ಯಾರೂ ಕೇಳಿರದ ಪ್ರಶ್ನೆ. “ಕೇಳಿದ್ರೆ ಗೊತ್ತಾಗತ್ತೆ ಕಣೇ” ಎಂದಳು.

ನಾದಿನಿ ಒಂದನ್ನು ತಟ್ಟಿದಳು. ಇನ್ನೊಂದನ್ನು ತಟ್ಟಿದಳು. “ಇದು ಟಿಣ್ ಅಂತಲ್ವಾ? ಹೇಳಿ ಅತ್ತಿಗೆ, ಸರಿನಾ?”

ಆಕೆಗೆ ನಾದಿನಿಯ ಕೈ ಏಳುವುದು, ಇಳಿಯುವುದು ಕಾಣಿಸುತ್ತಿತ್ತು. ತಲೆಯಾಡಿಸಬೇಕೋ ಬೇಡವೋ ತಿಳಿಯದೆ ಮೇಸ್ತ್ರಿಯನ್ನು ಹುಡುಕಿದಳು. ಅವನು ಬೇಕೆಂದೇ ಬೇರೆ ಕಡೆ ತಿರುಗಿದ್ದ.

ಸೋಮವಾರದಿಂದ ಆಕೆ ಲೇಬಲ್ ಅಂಟಿಸುವ ಕೋಣೆಗೆ ಹೋದಳು. ಅಲ್ಲಿ ಮಾತು ಜಾಸ್ತಿ. ಎಲ್ಲರೂ ನಕ್ಕಾಗ ಆಕೆಯೂ ನಗುತ್ತಾಳೆ, ಒಂದು ಗಳಿಗೆ ತಡವಾಗಿ.