ಅವ್ವ ಒಳಗೆ ಬಾರದ ವರ್ಷ

ನನ್ನ ಮಗಳು ಹುಟ್ಟಿದ ಮೊದಲ ವರ್ಷ ನನ್ನ ಅವ್ವ ಅವಳನ್ನು ಎತ್ತಿಕೊಳ್ಳಲೇ ಇಲ್ಲ.

ಬಸಿರಿಗೆ ಏಳು ತಿಂಗಳಾಗಿದ್ದಾಗ ನನಗೆ ಜ್ವರ ಬಂತು. ಬಿಸಿಲಿಗೆ ಮೈ ಕಾದಿದೆ ಎಂದುಕೊಂಡು ಮಲಗಿದೆ. ಮರುದಿನ ನೀರು ಸೋರತೊಡಗಿತು. ನಮ್ಮೂರು ಮುನವಳ್ಳಿಯಿಂದ ಸವದತ್ತಿಗೆ ಹೋದೆವು. ಅಲ್ಲಿ ನೋಡಿದವರು ತಡಮಾಡಬೇಡಿ ಎಂದು ಬೆಳಗಾವಿಗೆ ಕಳಿಸಿದರು. ಮಗಳು ಹುಟ್ಟಿದ್ದು ಅಲ್ಲಿ. ನಾನು ಸರಿಯಾಗಿ ಮುಖ ನೋಡುವ ಮೊದಲೇ ಅವಳನ್ನು ಗಾಜಿನ ಪೆಟ್ಟಿಗೆಗೆ ಸೇರಿಸಿದ್ದರು.

“ಗರ್ಭದ ನೀರಿಗೆ ಸೋಂಕು ತಗಲಿತ್ರಿ,” ಎಂದರು ಡಾಕ್ಟರು. “ಒಳಗಿದ್ದಾಗನ ಕೂಸಿನ ಮೈ ಅದರ ಜೋಡಿ ಬಡದಾಡೇತಿ. ರೋಗ ತಡಿಯೂ ಶಕ್ತಿ ಬಲಿಯೂ ಮೊದಲ ಹಿಂಗ ಪೆಟ್ಟು ಬಿದ್ರ, ಹುಟ್ಟಿದ ಮ್ಯಾಲೂ ಅದು ಹದಕ್ಕ ಬರಾಕ ಟೈಮ್ ಬೇಕ್ರಿ. ನಮಗ ಬರೇ ನೆಗಡಿ ಆಗೂದು ಇಕಿ ಜೀವಕ್ಕ ಕುತ್ತಾಗಬಹುದು.”

“ನಾ ಏನರ ತಪ್ಪು ಮಾಡಿದ್ನೇನ್ರಿ?”

“ಯಾರ ತಪ್ಪೂ ಅಲ್ರಿ ಇದು. ನಮ್ಮ ಔಷಧದ ಜೋಡಿ ನಿಮ್ಮ ಹಾಲೂ ಬೇಕು. ಹಿಂಡಿ ಕೊಡ್ರಿ.”

ಹಿಂಡಿಕೊಟ್ಟ ಹಾಲು ಸಣ್ಣ ನಳಿಕೆಯಲ್ಲಿ ಅವಳ ಹೊಟ್ಟೆ ಸೇರುತ್ತಿತ್ತು. ಪಕ್ಕದ ಹಾಸಿಗೆಯವಳ ಕೂಸು ಅತ್ತರೆ ನನ್ನ ಎದೆ ತೊಯ್ಯುತ್ತಿತ್ತು.

ಮನೆಗೆ ಬಂದ ಮೇಲೆ ಕೆಮ್ಮು, ನೆಗಡಿ ಇದ್ದವರು ಹತ್ತಿರ ಸುಳಿಯಬಾರದೆಂದು ತಾಕೀತಾಗಿತ್ತು. ಅವ್ವನಿಗೆ ಹಳೆಯ ಕೆಮ್ಮು. ಖಾರ ಕುಟ್ಟುವ ಗಿರಣಿಯಲ್ಲಿ ದುಡಿದವಳು. ಅದು ಅಂಟುವಂಥದ್ದಲ್ಲ ಎಂದು ಡಾಕ್ಟರೇ ಹೇಳಿದರೂ ಒಪ್ಪಲಿಲ್ಲ. ತವರೂರು ಯರಗಟ್ಟಿಯಿಂದ ಬಸ್ಸಿಗೆ ಬಂದು, ಕಿಟಕಿಯ ಹೊರಗೆ ಬಾಯಿಗೆ ಸೆರಗು ಹಿಡಿದು ನಿಲ್ಲುತ್ತಿದ್ದಳು.

“ಒಳಗ ಬಾರಬೇ,” ಎಂದು ಎಷ್ಟು ಸಲ ಕರೆದೆನೋ.

“ಬ್ಯಾಡ ತಂಗಿ. ಯಾವ ಕೆಮ್ಮಿನ್ಯಾಗ ಏನಿರತೈತೋ ಯಾರಿಗೆ ಗೊತ್ತು? ಆಕಿ ಸ್ವಲ್ಪ ಗಟ್ಟಿ ಆಗ್ಲಿ.”

ಹೆರಿಗೆಯಾದ ಹೆಣ್ಣಿಗೆ ತಾಯಿ ಬೇಕೆನಿಸುತ್ತದೆ. ಅವ್ವನ ಕೈಯಿಂದ ಎಣ್ಣೆ ಹಚ್ಚಿಸಿಕೊಳ್ಳಬೇಕು, ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಬೇಕು ಎಂದು ಜೀವ ಹಾತೊರೆಯುತ್ತಿತ್ತು. ಅವಳು ಬಾಣಂತಿಗೆಂದು ತಂದ ಅಂಟಿನುಂಡೆಯ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದಳು. ನಾನು ತಿನ್ನುತ್ತ ಅಳುತ್ತಿದ್ದೆ.

ನಡುವೆ ಒಮ್ಮೆ ಎದೆಗೆ ಕಫ ಕಟ್ಟಿ ಮಗಳು ಮತ್ತೆ ಆಸ್ಪತ್ರೆ ಸೇರಿದಳು. ಗುಣವಾಗಿ ಬಂದಳು. ವರ್ಷ ತುಂಬಿದ ಮೇಲೆ, ಇನ್ನು ಹೆದರಬೇಡಿ ಎಂದರು ಡಾಕ್ಟರು. ಆಗ ಅವ್ವ ಕೈಕಾಲು ತೊಳೆದು ಒಳಗೆ ಬಂದಳು. ಕೂಸನ್ನು ಅವಳ ಮಡಿಲಿಗೆ ಹಾಕಿದೆ. ಮಗಳು ಹೊಸ ಮುಖ ನೋಡಿ ಸೂರೇ ಹಾರಿಹೋಗುವಂತೆ ಚೀರಿದಳು. ನಾನು ಎತ್ತಿಕೊಳ್ಳಲು ಬಾಗಿದರೆ ಅವ್ವ ತಡೆದಳು.

“ಅಳ್ಲಿ ಬಿಡ. ನನ್ನ ತೊಡಿ ಮ್ಯಾಲ ಕುಂತು ಅಳಾಕ ಹತ್ಯಾಳಲ್ಲ, ಅಷ್ಟ ಸಾಕು.”

ಈಗ ಮಗಳು ಶಾಲೆಗೆ ಹೋಗುತ್ತಾಳೆ. ಚಳಿಗಾಲದಲ್ಲಿ ಉಬ್ಬಸ ಬರುತ್ತದೆ, ಹೋಗುತ್ತದೆ. ಸೂಟಿಯಲ್ಲಿ ಅಜ್ಜಿಯ ಮಗ್ಗುಲು ಬಿಡುವುದಿಲ್ಲ. ಆದರೂ ಬಸ್ಸಿನಲ್ಲಿ ಯಾರಾದರೂ ಹಸಿಗೂಸನ್ನು ಎದೆಗವಚಿ ಕೂತಿದ್ದರೆ ನಾನು ಕಣ್ಣು ಕೀಳಲಾರೆ. ಹುಟ್ಟಿದ ಹೊಸದರಲ್ಲಿ, ಗಾಜಿನ ಪೆಟ್ಟಿಗೆಯೊಳಗಿದ್ದ ನನ್ನ ಮಗಳ ನೆತ್ತಿ ಹೇಗೆ ಘಮಿಸುತ್ತಿತ್ತೋ, ನನಗೆ ತಿಳಿಯದೇ ಹೋಯಿತು.