ಕಾರಿಗೆ ಅಂಟವಾಳದ ನೀರು

ಐವತ್ತೆರಡನೇ ವಯಸ್ಸಿಗೆ ನಾನು ಕಾರು ಕಲಿತಾಗ ಮನೆಯವರೆಲ್ಲ ಮೆಚ್ಚಿಕೊಂಡರು, ನಮ್ಮ ಅವ್ವನೊಬ್ಬಳನ್ನು ಬಿಟ್ಟು. ಧಾರವಾಡದಿಂದ ಬಂದು ಈ ಮರಾಠಿ ಊರಿನ ಸದಾಶಿವ ಪೇಠದ ನಮ್ಮ ಮನೆಯಲ್ಲಿ ಎಂಟು ವರ್ಷದಿಂದ ಇದ್ದಾಳೆ. ಒಂದೇ ಚಕ್ರದ ಮೇಲೆ ತಿರುವು ತೆಗೆದುಕೊಳ್ಳುವ ರಿಕ್ಷಾದವನನ್ನು ಕಣ್ಣು ಮುಚ್ಚಿ ನಂಬುತ್ತಾಳೆ, ಹೆತ್ತ ಮಗಳನ್ನು ನಂಬುವುದಿಲ್ಲ. ನಾನು ಕಲಿತದ್ದೇ ಅವಳ ಸಲುವಾಗಿ. ಅವಳ ತಂಗಿ, ನಮ್ಮ ಮೌಶಿ, ದೇಹೂ ರೋಡಿನಲ್ಲಿದ್ದಾಳೆ. ಅವ್ವನಿಗೆ ನೆನಪಾದ ಕೂಡಲೇ ಕಾರಿನಲ್ಲಿ ಕೂರಿಸಿ ಕರೆದುಕೊಂಡು ಹೋಗಬೇಕು, ಯಾರ ರಜೆಯ ದಾರಿಯನ್ನೂ ಕಾಯಬಾರದು ಎನ್ನುವುದು ನನ್ನ ಆಸೆ.

ಮೊದಲ ಸಲ ಕರೆದುಕೊಂಡು ಹೊರಟಾಗಲೇ ಆಸೆಗೆ ಕಲ್ಲು ಬಿತ್ತು. ಜೂನ್ ತಿಂಗಳು, ಒಂದೆರಡು ಮಳೆ ಆಗಿತ್ತು. ಇಳಿಹೊತ್ತಿನ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಮುಂದಿನ ಲಾರಿ ರಾಡಿ ಎರಚಿತು, ನಾನು ನೀರು ಚಿಮ್ಮಿಸಿ ವೈಪರ್ ಹಾಕಿದೆ. ಗಾಜು ತೊಳೆಯುವ ಬದಲು ಇಡೀ ಬೆಳ್ಳಗೆ ಬಳಿದುಕೊಂಡು ಕುಳಿತಿತು. ಏನೂ ಕಾಣದು. ವೇಗ ಇಳಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಹೇಗೋ ಬದಿಗೆ ತಂದು ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಅವ್ವ ರಾಯರನ್ನು ಕೂಗುತ್ತಿದ್ದಳು. ಮೌಶಿಯ ಮನೆ ಮುಟ್ಟಿದ ಮೇಲೆ ಚಹಾ ಕುಡಿಯುವ ಮೊದಲೇ ತೀರ್ಪು ಬಂತು. "ನಿನ್ನ ಗಾಡ್ಯಾಗ ನಾ ಇನ್ನ ಕೂಡೂದಿಲ್ಲ ನೋಡು." ವಾಪಸು ಬರುವಾಗ ಮೌಶಿಯ ಗಂಡನನ್ನು ಜೊತೆ ಮಾಡಿಕೊಂಡು ಲೋಕಲ್ ರೈಲಿನಲ್ಲಿ ಬಂದಳು. ನಾನು ಖಾಲಿ ಕಾರು ಓಡಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಸಿಟ್ಟಿನಿಂದ ಅಳುತ್ತಿದ್ದೆ.

ಗಾಜು ತೊಳೆಯುವ ಡಬ್ಬಿಯಲ್ಲಿ ಏನಿತ್ತು ಎಂದು ಗಂಡನನ್ನು ವಿಚಾರಿಸಿದೆ. ನಳದ ನೀರು, ಅದಕ್ಕೆ ಪಾತ್ರೆ ತಿಕ್ಕುವ ಸೋಪಿನ ನೀರು ನಾಲ್ಕು ಹನಿ. "ನಾ ಹನ್ನೊಂದು ವರ್ಷದಿಂದ ಅದನ್ನ ಹಾಕ್ಲಿಕ್ಕತ್ತೀನಿ, ಏನೂ ಆಗಿಲ್ಲ," ಎಂದರು. ಅವರು ನೀರು ಚಿಮ್ಮಿಸುವ ಗುಂಡಿ ಒತ್ತುವುದೇ ಅಪರೂಪ, ಏನಾದೀತು? ನಾವು ಕಾಕೂ ಎಂದು ಕರೆಯುವ ಕೆಳಗಿನ ಮನೆಯ ಹೆಂಗಸು ವಿನಿಗರ್ ಹಾಕು ಎಂದರು. ಪೇಠದ ಅಂಗಡಿಗೆ ಹೋದರೆ ನೀಲಿ, ಹಸಿರು, ಗುಲಾಬಿ ಬಾಟಲಿಗಳ ಸಾಲು. ಒಂದು ಹಾಗೆಯೇ ಸುರಿಯುವುದು, ಇನ್ನೊಂದು ನೀರು ಬೆರೆಸುವುದು. ಚೆಂದದ ಹಸಿರು ಬಣ್ಣ ನೋಡಿ ನಾನು ಎತ್ತಿಕೊಂಡದ್ದು ಇಂಜಿನ್ ತಂಪು ಮಾಡುವ ಕೂಲಂಟ್ ಅಂತೆ. ಅಂಗಡಿಯವನು ನಕ್ಕ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಏನೂ ಕೊಳ್ಳದೆ ಬಂದುಬಿಟ್ಟೆ.

ಮನೆಯಲ್ಲಿ ಅವ್ವ ಮೆಂತ್ಯಸೊಪ್ಪು ಬಿಡಿಸುತ್ತ ಎಲ್ಲ ಕೇಳಿಸಿಕೊಂಡಳು.

"ಇಷ್ಟ್ಯಾಕ ಒದ್ದಾಡ್ತೀ? ಅಂಟವಾಳ ಹಾಕು. ನನ್ನ ಮದುವಿ ರೇಶಿಮಿ ಸೀರಿ ಇವತ್ತಿಗೂ ಅದರಾಗನ ತೊಳೀತೀನಿ. ಒಂದ ಎಳಿ ಹಾಳಾಗೇದೇನು?"

"ಅದು ಸೀರಿ ಅವ್ವಾ, ಇದು ಗಾಜು."

"ರೇಶಿಮಿಗೇ ನಡೀತದ ಅಂದ್ರ ಗಾಜಿಗೇನು ಧಾಡಿ?"

ಬೇಡ ಎನ್ನಲು ಬಾಯಿ ತೆರೆದವಳು ತಡೆದುಕೊಂಡೆ. "ಹಾಕಿದ್ರ ನೀ ಗಾಡ್ಯಾಗ ಬರ್ತೀಯೇನು?" ಎಂದು ಕೇಳಿದೆ.

ಅವ್ವ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. "ಬರಬೇಕಾಗ್ತದ. ಕೆಲಸಾ ಮಾಡ್ತದೋ ಇಲ್ಲೋ ನೋಡಬೇಕಲ್ಲ."

ಮರುದಿನ ನಮ್ಮ ಅಡುಗೆಮನೆಯಲ್ಲಿ ಅದೊಂದೇ ಸಂಭ್ರಮ. ನೆನೆಸಿದ ಕಾಯಿಗಳನ್ನು ಅವಳೇ ಕಿವುಚಿದಳು, ಹಳೆಯ ಧೋತರದ ತುಂಡಿನಲ್ಲಿ ಮೂರು ಸಲ ಸೋಸಿದಳು, ಗಂಜಿಯ ಬಣ್ಣದ ಆ ನೀರನ್ನು ತಂಬಿಗೆಯಲ್ಲಿ ಹಿಡಿದು ತಾನೇ ಕೆಳಗಿಳಿದು ಬಂದಳು. ನಮ್ಮವರು ಬಾನೆಟ್ ಎತ್ತಿ ಹಿಡಿದರು. ಏನೋ ಹೇಳಲು ಬಂದವರು ನನ್ನ ಮುಖ ನೋಡಿ ಬಾನೆಟ್ಟನ್ನು ಇನ್ನಷ್ಟು ಮೇಲೆತ್ತಿದರು. ಹಳೆಯ ನೀರು ತೆಗೆಯಬೇಕು ಎಂಬುದು ನಮಗ್ಯಾರಿಗೂ ಹೊಳೆಯಲಿಲ್ಲ.

ಭಾನುವಾರ ಬೆಳಗ್ಗೆ ಹೊರಟೆವು. ತನ್ನ ನೀರಿನ ಪ್ರತಾಪ ಸರಿಯಾಗಿ ಕಾಣಲಿ ಎಂದು ಅವ್ವ ಮುಂದಿನ ಸೀಟಿನಲ್ಲಿ ಕುಳಿತಳು. ನನಗೆ ಅಷ್ಟಕ್ಕೇ ಹಬ್ಬ. ಚಿಂಚವಡ ದಾಟುವಾಗ ತುಂತುರು ಹನಿಯಿತು, ಬಸ್ಸೊಂದು ರಾಡಿ ಹಾರಿಸಿಕೊಂಡು ಹೋಯಿತು.

"ಹಾಂ, ಈಗ ಬಿಡು," ಎಂದಳು ಅವ್ವ.

ಬಿಟ್ಟೆ. ಮೊದಲು ನಾಲ್ಕು ಗುಳ್ಳೆ ಬಂದವು. ವೈಪರ್ ಆ ಕಡೆಯಿಂದ ಈ ಕಡೆಗೆ ಹೋದಂತೆ ಮಜ್ಜಿಗೆ ಕಡೆದ ಹಾಗೆ ನೊರೆ ಉಕ್ಕತೊಡಗಿತು. ಇನ್ನಷ್ಟು ಬಿಟ್ಟರೆ ಹೋದೀತು ಎಂದು ಬಿಟ್ಟೆ, ಇನ್ನಷ್ಟು ನೊರೆ ಬಂತು. ಅಂಟವಾಳವೂ ಗಂಡನ ಸೋಪೂ ಸೇರಿ ಗಾಜು ಪೂರ್ತಿ ಮುಚ್ಚಿಹೋಯಿತು. ಆದರೂ ಕೈಗೆ ಕೆಲಸ ಗೊತ್ತಿತ್ತು. ವೇಗ ಇಳಿಸಿದೆ, ಎಡಕ್ಕೆ ದೀಪ ಹಾಕಿದೆ, ಪಕ್ಕದ ಕಿಟಕಿ ಇಳಿಸಿ ನೋಡುತ್ತ ನಿಧಾನವಾಗಿ ಸರಿದು ಅಂಗಡಿಗಳ ಸಾಲಿನ ಮುಂದೆ ನಿಲ್ಲಿಸಿದೆ. ಅವ್ವನ ಕಡೆ ನೋಡುವ ಧೈರ್ಯ ಬರಲಿಲ್ಲ. ಇನ್ನು ಈ ಜನ್ಮದಲ್ಲಿ ಇವಳು ನನ್ನ ಕಾರು ಹತ್ತುವುದಿಲ್ಲ ಎಂದುಕೊಂಡೆ.

ಪಕ್ಕದಿಂದ ಕಿಸಕ್ಕನೆ ಸದ್ದು ಬಂತು. ಅವ್ವ ಸೆರಗು ಬಾಯಿಗೆ ಹಿಡಿದುಕೊಂಡು ನಗುತ್ತಿದ್ದಳು. ನನಗೂ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ಇಬ್ಬರೂ ನಕ್ಕೆವು. ಆಮೇಲೆ ಕುಡಿಯುವ ನೀರಿನ ಬಾಟಲಿ ಹಿಡಿದು ಇಳಿದೆವು. ನಾನು ಸುರಿದೆ, ಅವಳು ಒರೆಸಿದಳು.

"ಆವತ್ತೂ ತಪ್ಪು ಹಿಂಗ ನೀರಿಂದ ಇತ್ತೇನು?" ಎಂದಳು.

"ಹೌದವ್ವಾ."

"ಆವತ್ತೂ ನೀ ಹಿಂಗ ಶಾಂತ ಬಾಜೂಕ ತಂದು ನಿಲ್ಲಿಸಿದ್ದಿ. ಹಿಂದ ಕೂತಿದ್ದೆ, ನಿನ್ನ ಕೈ ಕಾಣಸ್ಲಿಲ್ಲ ನನಗ."

ಅವಳ ಕೈಯ ಬಟ್ಟೆ ಇಸಿದುಕೊಂಡೆ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದೆ.

ಆ ಸಾಲಿನಲ್ಲೇ ಗಾಡಿಯ ಸಾಮಾನಿನ ಅಂಗಡಿಯೊಂದಿತ್ತು. ಬಿಳಿ ಮೀಸೆಯ ಅಂಗಡಿಯವರು ನೊರೆ ನೋಡಿ ಎದ್ದು ಬಂದರು, ನಗಲಿಲ್ಲ. ಡಬ್ಬಿಯಲ್ಲಿ ಇದ್ದದ್ದನ್ನೆಲ್ಲ ಚಿಮ್ಮಿಸಿ ಖಾಲಿ ಮಾಡಿಸಿ, ಬರೀ ನೀರಿನಿಂದ ಎರಡು ಸಲ ತೊಳೆಸಿದರು. ಎಣ್ಣೆಜಿಡ್ಡು ಬಿಡಬೇಕು, ನೊರೆ ಬರಬಾರದು, ಒಣಗಿದ ಮೇಲೆ ಕಲೆ ಉಳಿಯಬಾರದು, ಇಷ್ಟಿದ್ದರೆ ಆಯಿತು, ಬಣ್ಣ ನೋಡಬೇಡಿ ಎಂದು ಮರಾಠಿಯಲ್ಲಿ ಹೇಳಿ, ನೀರು ಬೆರೆಸದೆ ಹಾಕುವ ಬಾಟಲಿಯೊಂದನ್ನು ಕೊಟ್ಟರು. ನಾನು ಬಾನೆಟ್ಟಿನೊಳಗೆ ಬಗ್ಗಿ ಅದನ್ನು ಸುರಿಯತೊಡಗಿದೆ. ಅವರು ಕಾರಿನೊಳಗೆ ಇಣುಕಿ, ಗಂಡಸರು ಯಾರೂ ಕಾಣದೆ, ಗಾಡಿ ಯಾರು ಓಡಿಸುತ್ತಾರೆ ಎಂದು ಅವ್ವನನ್ನು ಕೇಳಿದರು.

ಎಂಟು ವರ್ಷದಲ್ಲಿ ಅವ್ವ ಕಲಿತ ಮರಾಠಿ ತರಕಾರಿ ಕೊಳ್ಳುವಷ್ಟು. ಅದರಲ್ಲೇ ಪದ ಹುಡುಕಿ ಹೇಳಿದಳು.

"ಮಾಝೀ ಮುಲಗೀ. ಛಾನ್ ಚಾಲವತೇ."

ನನ್ನ ಮಗಳು, ಚೆನ್ನಾಗಿ ಓಡಿಸುತ್ತಾಳೆ. ಐವತ್ತೆರಡು ವರ್ಷದಲ್ಲಿ ಕನ್ನಡದಲ್ಲಿ ಒಮ್ಮೆಯೂ ನನ್ನನ್ನು ಹೊಗಳದವಳು, ಗುರುತಿಲ್ಲದವರ ಮುಂದೆ ಬಾರದ ಭಾಷೆಯಲ್ಲಿ ಹೊಗಳಿದ್ದಳು. ಡಬ್ಬಿ ತುಂಬಿ ಹೊರಗೆ ಚೆಲ್ಲುತ್ತಿದ್ದರೂ ನಾನು ತಲೆ ಎತ್ತದೆ ಸುರಿಯುತ್ತಲೇ ಇದ್ದೆ.